ಎನೊಕಿ ಅಣಬೆ: ಪಲ್ಯ ಯಾಕೆ ನೀರಾಯಿತು, ಹಸಿಯಾಗಿ ಯಾಕೆ ತಿನ್ನಬಾರದು

ಪ್ರಶ್ನೆ: ಸೂಪರ್‌ಮಾರ್ಕೆಟ್‌ನಿಂದ ಎನೊಕಿ ಅಣಬೆಯ 200 ಗ್ರಾಂ ಪೊಟ್ಟಣ ತಂದಿದ್ದೆ. ಬಟನ್ ಅಣಬೆಗೆ ಮಾಡುವ ಹಾಗೇ ಈರುಳ್ಳಿ ಒಗ್ಗರಣೆಗೆ ಅರ್ಧದಷ್ಟು ಹಾಕಿ, ಉಪ್ಪು ಸೇರಿಸಿ, ಮುಚ್ಚಿ ಬೇಯಿಸಿದೆ. ಬಾಣಲೆ ತುಂಬ ನೀರು ನಿಂತಿತು. ತಿಂದರೆ ನೂಲು ಅಗಿದ ಹಾಗೆ, ಹಲ್ಲಿನ ಸಂದಿಗೆಲ್ಲ ಸಿಕ್ಕಿಕೊಂಡಿತು. ಉಳಿದರ್ಧ ಎರಡು ದಿನದಿಂದ ಫ್ರಿಜ್‌ನಲ್ಲಿದೆ. ನಾವು ಸಸ್ಯಾಹಾರಿಗಳು. ಇದರಲ್ಲಿ ಪ್ರೋಟೀನ್, ವಿಟಮಿನ್ ಡಿ, ಬಿ12 ಹೇರಳವಾಗಿದೆ ಎಂದು ವಿಡಿಯೊಗಳಲ್ಲಿ ಹೇಳುತ್ತಾರೆ. ಹಸಿಯಾಗಿಯೇ ಸಲಾಡ್‌ಗೆ ಹಾಕುವುದನ್ನೂ ನೋಡಿದೆ. ಮನೆಯಲ್ಲಿ ಆರು ತಿಂಗಳ ಗರ್ಭಿಣಿ ಸೊಸೆ ಇದ್ದಾಳೆ. ಅವಳಿಗೆ ಕೊಡಬಹುದೇ? ಇದನ್ನು ಸರಿಯಾಗಿ ಅಡುಗೆ ಮಾಡುವುದು ಹೇಗೆ?

ಉತ್ತರ: ಮೊದಲು ಸೊಸೆಯ ವಿಷಯ. ಚೆನ್ನಾಗಿ ಬೆಂದು, ಬಿಸಿಬಿಸಿಯಾಗಿ ತಟ್ಟೆಗೆ ಬಂದ ಎನೊಕಿಯನ್ನು ಅವರು ತಿನ್ನಬಹುದು. ಹಸಿಯದು ಬೇಡವೇ ಬೇಡ. ಅರೆಬೆಂದದ್ದೂ ಬೇಡ, ಬೇಯಿಸಿ ತಣ್ಣಗೆ ಇಟ್ಟ ಸಲಾಡ್ ಕೂಡ ಬೇಡ. ಮನೆಯ ಉಳಿದವರೂ ಹಸಿಯಾಗಿ ತಿನ್ನುವ ಯೋಚನೆ ಬಿಡುವುದು ಒಳ್ಳೆಯದು.

ಕಾರಣ ಲಿಸ್ಟೀರಿಯ ಎಂಬ ಬ್ಯಾಕ್ಟೀರಿಯ. ಫ್ರಿಜ್‌ನ ತಂಪಿಗೆ ಉಳಿದ ಎಷ್ಟೋ ರೋಗಾಣುಗಳು ಮುದುಡಿ ಕೂರುತ್ತವೆ. ಲಿಸ್ಟೀರಿಯ ಮಾತ್ರ ಅಲ್ಲೂ ನಿಧಾನವಾಗಿ ಬೆಳೆಯುತ್ತಲೇ ಇರುತ್ತದೆ. ಎನೊಕಿಗೆ ಇದು ವಿಶೇಷವಾಗಿ ಅಂಟಿಕೊಂಡ ಸಮಸ್ಯೆ. ಅಣಬೆ ಬೆಳೆಯುವುದೇ ತಂಪಾದ, ತೇವದ ಕೋಣೆಗಳಲ್ಲಿ. ಕೊಯ್ದ ಮೇಲೆ ಗಾಳಿ ತೆಗೆದ ಪೊಟ್ಟಣದಲ್ಲಿ ಹಡಗಿನಲ್ಲೋ ಲಾರಿಯಲ್ಲೋ ವಾರಗಟ್ಟಲೆ ತಂಪಿನಲ್ಲೇ ಪ್ರಯಾಣ ಮಾಡುತ್ತದೆ. ನೂರಾರು ಕಡ್ಡಿಗಳು ಬುಡದಲ್ಲಿ ಒತ್ತಾಗಿ ಕೂಡಿಕೊಂಡಿರುವುದರಿಂದ ಎಷ್ಟು ತೊಳೆದರೂ ನೀರು ಒಳಗೆ ಇಳಿಯುವುದಿಲ್ಲ. ಅಮೆರಿಕದಲ್ಲಿ 2020ರಲ್ಲಿ ಬೆಳಕಿಗೆ ಬಂದ ಒಂದು ಪ್ರಕರಣದಲ್ಲಿ 17 ರಾಜ್ಯಗಳ 36 ಜನ ಕಾಯಿಲೆ ಬಿದ್ದರು, ನಾಲ್ವರು ತೀರಿಕೊಂಡರು. ಅವುಗಳಲ್ಲಿ ಆರು ಪ್ರಕರಣ ಗರ್ಭಧಾರಣೆಗೆ ಸಂಬಂಧಿಸಿದ್ದು. ಎರಡರಲ್ಲಿ ಗರ್ಭ ಉಳಿಯಲಿಲ್ಲ. ಕೊರಿಯಾದಿಂದ ಬಂದ ಎನೊಕಿಯೇ ಮೂಲ ಎಂದು ಪತ್ತೆಯಾದ ಮೇಲೆ, ಪೊಟ್ಟಣದ ಮೇಲೆ ‘ಬೇಯಿಸಿಯೇ ತಿನ್ನಿ’ ಎಂದು ಮುದ್ರಿಸುವುದನ್ನು ದಕ್ಷಿಣ ಕೊರಿಯಾ ಕಡ್ಡಾಯ ಮಾಡಿತು.

ಗರ್ಭಿಣಿಯರಲ್ಲಿ ಈ ಸೋಂಕು ಮೋಸಗಾರ. ತಾಯಿಗೆ ಸಣ್ಣ ಜ್ವರ, ಮೈಕೈ ನೋವು ಅಷ್ಟೇ ಕಾಣಬಹುದು. ಪೆಟ್ಟು ಬೀಳುವುದು ಮಗುವಿಗೆ. ಲಕ್ಷಣ ಕಾಣಿಸಿಕೊಳ್ಳಲು ಕೆಲವೊಮ್ಮೆ ವಾರಗಳೇ ಹಿಡಿಯುತ್ತವೆ, ಆಗ ತಿಂದದ್ದು ಏನೆಂದು ಯಾರಿಗೆ ನೆನಪಿರುತ್ತದೆ? 65 ದಾಟಿದವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಅಂಗ ಕಸಿ ಮಾಡಿಸಿಕೊಂಡವರು, ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ತೆಗೆದುಕೊಳ್ಳುವವರು ಎಲ್ಲರೂ ಇದೇ ಎಚ್ಚರಿಕೆಯ ಸಾಲಿಗೆ ಸೇರುತ್ತಾರೆ.

ಒಳ್ಳೆಯ ಸುದ್ದಿಯೆಂದರೆ ಲಿಸ್ಟೀರಿಯ ಬಿಸಿಗೆ ಬಹಳ ಬೇಗ ಸಾಯುತ್ತದೆ. ಒಳಭಾಗ 74 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಸಾಕು. ಬಿಡಿಸಿದ ಎನೊಕಿ ಕಡ್ಡಿ ಆ ಬಿಸಿಯನ್ನು ಕ್ಷಣಗಳಲ್ಲಿ ಮುಟ್ಟುತ್ತದೆ. ಬಿಡಿಸದ ಕಟ್ಟಿನ ನಡುಭಾಗ ಮಾತ್ರ ಸುತ್ತಲೂ ಕುದಿಯುತ್ತಿದ್ದರೂ ತಣ್ಣಗೇ ಉಳಿಯಬಹುದು. ಹಾಗಾಗಿ ಕೈಯಲ್ಲಿ ಎಳೆಎಳೆಯಾಗಿ ಬಿಡಿಸಿ ಹಾಕಿ, ಅಣಬೆ ಬಿದ್ದು ತಣಿದ ಸಾರು ಮತ್ತೆ ಕೊತಕೊತ ಕುದಿಯತೊಡಗಿದ ಮೇಲೆ ಪೂರ್ತಿ 3 ನಿಮಿಷ ಬಿಡಿ. ಮೈಕ್ರೋವೇವ್ ನಂಬಬೇಡಿ, ಅದು ಒಂದು ಕಡೆ ಸುಟ್ಟು ಇನ್ನೊಂದು ಕಡೆ ಹಸಿ ಬಿಡುತ್ತದೆ. ಹಸಿ ಅಣಬೆ ಮುಟ್ಟಿದ ಚಾಕು, ಮಣೆ, ಕೈ ಮೂರನ್ನೂ ಸೋಪಿನಿಂದ ತೊಳೆಯದೆ ಕೋಸಂಬರಿಗೆ ಸೌತೆಕಾಯಿ ಹೆಚ್ಚಬೇಡಿ. ಮೇಜಿನ ಮೇಲೆ ಕುದಿಯುವ ಸಾರಿಟ್ಟು ಅದರಲ್ಲೇ ಬೇಯಿಸಿಕೊಂಡು ತಿನ್ನುವ ಹಾಟ್‌ಪಾಟ್ ಹೋಟೆಲುಗಳಲ್ಲಿ ಕಟ್ಟನ್ನು ಹತ್ತು ಸೆಕೆಂಡ್ ಅದ್ದಿ ತೆಗೆಯುವವರನ್ನೂ, ಹಸಿಯದನ್ನು ಎತ್ತಿ ಹಾಕಿದ ಚಾಪ್‌ಸ್ಟಿಕ್‌ನಲ್ಲೇ ಉಣ್ಣುವವರನ್ನೂ ಕಾಣಬಹುದು. ಎರಡೂ ತಪ್ಪು.

ಹಸಿ ಎನೊಕಿಯಲ್ಲಿ ಇನ್ನೊಂದು ಸಂಗತಿಯಿದೆ. ಕೆಂಪು ರಕ್ತಕಣಗಳನ್ನು ಒಡೆಯಬಲ್ಲ ಫ್ಲಮ್ಯುಟಾಕ್ಸಿನ್ ಎಂಬ ಪ್ರೋಟೀನ್ ಅದರಲ್ಲಿದೆ. ಬೇಯಿಸಿದರೆ ಅದು ಕೆಟ್ಟುಹೋಗುತ್ತದೆ, ಬೆಂದ ಅಣಬೆಗೆ ಆ ಚಿಂತೆಯಿಲ್ಲ. ಈ ಅಣಬೆಯ ತವರಾದ ಪೂರ್ವ ಏಷ್ಯಾದ ಅಡುಗೆಯಲ್ಲಿ ಎನೊಕಿ ಬೆಂದೇ ತಟ್ಟೆಗೆ ಬರುತ್ತದೆ. ಹಸಿ ಸಲಾಡಿನ ಖಯಾಲಿ ಶುರುವಾದದ್ದು ಪಶ್ಚಿಮದಲ್ಲಿ.

ಇದು ಯಾವ ಅಣಬೆ

ಎನೊಕಿ ಎಂಬುದು ಜಪಾನಿನ ಒಂದು ಮರದ ಹೆಸರು. ಆ ಮರದ ಸತ್ತ ಕೊಂಬೆ, ಬೊಡ್ಡೆಗಳ ಮೇಲೆ ಚಳಿಗಾಲದಲ್ಲಿ ಏಳುತ್ತಿದ್ದ ಅಣಬೆಗೆ ‘ಎನೊಕಿತಾಕೆ’ ಎಂದರು. ‘ತಾಕೆ’ ಎಂದರೆ ಅಣಬೆ. ಚೀನಿಯರು ‘ಜಿನ್‌ಝೆನ್‌ಗು’ ಎನ್ನುತ್ತಾರೆ, ಚಿನ್ನದ ಸೂಜಿಯ ಅಣಬೆ ಎಂದರ್ಥ. ಕೊರಿಯನ್ನರಿಗೆ ಇದು ‘ಪೆಂಗಿ ಬೊಸೊತ್’. ನೀವು ತಂದ ಬಿಳಿ ಅಣಬೆಯಲ್ಲಿ ಚಿನ್ನ ಎಲ್ಲಿದೆ ಎಂದು ಕೇಳಬಹುದು. ಕಾಡಿನಲ್ಲಿ ಬೆಳೆದದ್ದು ನಿಜಕ್ಕೂ ಜೇನಿನ ಬಣ್ಣದ್ದು: ಅಗಲ ಟೋಪಿ, ಕಂದು ಮಖಮಲ್ಲಿನಂಥ ಗಿಡ್ಡ ಕಾಂಡ. ಕಾರ್ಖಾನೆಯಲ್ಲಿ ಅದನ್ನು ಬಾಟಲಿಯೊಳಗೆ ಮರದ ಹೊಟ್ಟು, ಜೋಳದ ದಿಂಡಿನ ಪುಡಿ, ಅಕ್ಕಿ ತೌಡಿನ ಮೇಲೆ ಬೆಳೆಸುತ್ತಾರೆ. ಬೆಳಕು ಕಡಿಮೆ, ತಂಪು ಹೆಚ್ಚು, ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ದಟ್ಟ. ಬಾಟಲಿಯ ಬಾಯಿಗೆ ಸುತ್ತಿದ ಹಾಳೆಯ ಕೊಳವೆಯೊಳಗೆ ಆಮ್ಲಜನಕ ಹುಡುಕುತ್ತ ಕಾಂಡ ಉದ್ದುದ್ದ ಏರುತ್ತದೆ, ಟೋಪಿ ಅರಳುವುದೇ ಇಲ್ಲ. ಕತ್ತಲ ಮೂಲೆಯಲ್ಲಿ ಮರೆತ ಆಲೂಗೆಡ್ಡೆ ಬಿಳಿಚಿದ ಮೊಳಕೆ ಬಿಡುವುದನ್ನು ನೋಡಿದ್ದೀರಲ್ಲ, ನೋಟಕ್ಕೆ ಅದೇ ಬಗೆ. ಬೆಳಕು ಬಿದ್ದರೂ ಬಿಳಿಯಾಗಿಯೇ ಉಳಿಯುವ ತಳಿಗಳು ಆಮೇಲೆ ಬಂದವು. ಜಪಾನಿನಲ್ಲಿ ಇದರ ದೊಡ್ಡ ಕೇಂದ್ರ ನಗಾನೊ ಪ್ರಾಂತ್ಯ. ಆ ದೇಶದ ಎನೊಕಿಯಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲಿಂದಲೇ ಬರುತ್ತದೆ.

ಈ ಕಾಂಡಗಳು ಒಂದೇ ಸಮನೆ ನೆಟ್ಟಗೆ ಮೇಲಕ್ಕೇ ಏಳುವುದು ಗುರುತ್ವಾಕರ್ಷಣೆಯ ಜಾಡು ಹಿಡಿದು. 1993ರಲ್ಲಿ ಕೊಲಂಬಿಯಾ ನೌಕೆಯಲ್ಲಿ ಇದೇ ಕುಲದ ಅಣಬೆಯನ್ನು ಬಾಹ್ಯಾಕಾಶಕ್ಕೆ ಒಯ್ದು ಬೆಳೆಸಿ ನೋಡಿದರು. ತೂಕವೇ ಇಲ್ಲದ ಜಾಗದಲ್ಲಿ ಅದು ದಿಕ್ಕು ತಪ್ಪಿ ಕಂಡಕಂಡ ಕಡೆಗೆ ಬಾಗಿ ಬೆಳೆಯಿತು.

ಈ ವಿವರಗಳನ್ನೆಲ್ಲ ಹೇಳಿದ್ದಕ್ಕೆ ಕಾರಣವಿದೆ. ಕತ್ತಲಲ್ಲಿ, ಬರೀ ಕಾಂಡವಾಗಿ ಬೆಳೆದದ್ದರಿಂದಲೇ ಇದರ ಪೋಷಕಾಂಶ, ಇದರ ರುಚಿ, ನಿಮ್ಮ ಪಲ್ಯದ ಗತಿ ಮೂರೂ ತೀರ್ಮಾನವಾಗಿವೆ. ಅಂದಹಾಗೆ, ಕಾಡಿನ ರೂಪವನ್ನು ಚಿತ್ರ ನೋಡಿ ಹುಡುಕಿ ಕೀಳಲು ಹೋಗಬೇಡಿ. ಮರದ ಮೇಲೇ ಬೆಳೆಯುವ, ಹಾಗೇ ಕಂದಾಗಿ ಕಾಣುವ ಗ್ಯಾಲೆರಿನ ಎಂಬ ಅಣಬೆ ಯಕೃತ್ತನ್ನು ಹಾಳುಮಾಡಿ ಕೊಲ್ಲುವಂಥದ್ದು.

ಪೋಷಕಾಂಶ: ಇರುವುದೆಷ್ಟು, ಇಲ್ಲದ್ದು ಯಾವುದು

100 ಗ್ರಾಂ ಹಸಿ ಎನೊಕಿಯಲ್ಲಿ 88 ಗ್ರಾಂ ನೀರು. ಉಳಿದದ್ದರಲ್ಲಿ 37 ಕ್ಯಾಲರಿ, 2.7 ಗ್ರಾಂ ಪ್ರೋಟೀನ್, 7.8 ಗ್ರಾಂ ಶರ್ಕರಪಿಷ್ಟ (ಕಾರ್ಬೊಹೈಡ್ರೇಟ್), ಅದರೊಳಗೆ 2.7 ಗ್ರಾಂ ನಾರು. ಕೊಬ್ಬು 0.3 ಗ್ರಾಂ. ಪ್ರೋಟೀನ್ ಹೇರಳ ಎಂಬ ಮಾತು ಇಲ್ಲಿಗೇ ಮುಗಿಯಿತು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಇರುತ್ತದೆ. ಅಷ್ಟು ಪ್ರೋಟೀನ್ ಬೇಕೆಂದರೆ ನೀವು ತಂದ ಪೊಟ್ಟಣವನ್ನು ಒಬ್ಬರೇ ಖಾಲಿ ಮಾಡಿದರೂ ಸಾಲದು. ನಿಮ್ಮ ಮನೆಯ ತೊಗರಿಬೇಳೆ, ಹೆಸರುಕಾಳು, ಮೊಸರಿಗೆ ಇದು ಬದಲಿಯಲ್ಲ. ‘ಒಣತೂಕದಲ್ಲಿ ಶೇ. 20ಕ್ಕಿಂತ ಹೆಚ್ಚು ಪ್ರೋಟೀನ್’ ಎಂಬ ಜಾಹೀರಾತು ಲೆಕ್ಕದ ಪ್ರಕಾರ ಸುಳ್ಳಲ್ಲ, ಆದರೆ ಒಣತೂಕವನ್ನು ಯಾರೂ ತಟ್ಟೆಗೆ ಬಡಿಸಿಕೊಳ್ಳುವುದಿಲ್ಲ.

ಬಿ12 ಇಲ್ಲ. ಶುದ್ಧ ಸಸ್ಯಾಹಾರಿಗಳು ಅದಕ್ಕಾಗಿ ಹಾಲು, ಮೊಸರು, ಇಲ್ಲವೇ ವೈದ್ಯರು ಹೇಳಿದ ಮಾತ್ರೆಯನ್ನೇ ನೆಚ್ಚಬೇಕು. ಗರ್ಭಿಣಿಯ ವಿಷಯದಲ್ಲಂತೂ ವಿಡಿಯೊ ನಂಬಿ ಕೂರುವಂತಿಲ್ಲ. ಸುಣ್ಣದ ಅಂಶ ಇಲ್ಲವೆನ್ನುವಷ್ಟು ಕಡಿಮೆ. ವಿಟಮಿನ್ ಸಿ ಇಲ್ಲ. ಕಬ್ಬಿಣ 1.15 ಮಿ.ಗ್ರಾಂ, ಪರವಾಗಿಲ್ಲ ಎನ್ನಬಹುದಾದಷ್ಟು.

ಹಾಗಾದರೆ ಏನಿದೆ? ನಯಾಸಿನ್, ಅಂದರೆ ಬಿ3, 7 ಮಿ.ಗ್ರಾಂ. ದೊಡ್ಡವರಿಗೆ ದಿನಕ್ಕೆ ಬೇಕಾಗುವುದು 14ರಿಂದ 16 ಮಿ.ಗ್ರಾಂ, ಅಂದರೆ ಹತ್ತಿರಹತ್ತಿರ ಅರ್ಧ. ತರಕಾರಿ ಸಾಲಿನಲ್ಲಿ ಇದು ನಿಜಕ್ಕೂ ದೊಡ್ಡ ಅಂಕಿ. ಬಿ1 0.22 ಮಿ.ಗ್ರಾಂ, ಬಿ2 0.2 ಮಿ.ಗ್ರಾಂ, ಬಿ5 1.35 ಮಿ.ಗ್ರಾಂ, ಫೋಲೇಟ್ 48 ಮೈಕ್ರೋಗ್ರಾಂ. ಪೊಟ್ಯಾಸಿಯಂ 359 ಮಿ.ಗ್ರಾಂ, ಅಷ್ಟೇ ತೂಕದ ಬಾಳೆಹಣ್ಣಿನಲ್ಲಿರುವಷ್ಟು. ಸೋಡಿಯಂ ಬರೀ 3 ಮಿ.ಗ್ರಾಂ. ರಂಜಕ 105 ಮಿ.ಗ್ರಾಂ. ಬಿ ಗುಂಪಿನ ಈ ವಿಟಮಿನ್‌ಗಳು ನೀರಿನಲ್ಲಿ ಕರಗುವಂಥವು. ನಯಾಸಿನ್ ಬಿಸಿಗೆ ಜಗ್ಗುವುದಿಲ್ಲ, ಆದರೆ ಬೇಯಿಸಿದ ನೀರಿಗೆ ಇಳಿಯುತ್ತದೆ. ನೀರು ಚೆಲ್ಲಿದರೆ ಅದೂ ಹೋಯಿತು. ಆದ್ದರಿಂದ ಪೋಷಕಾಂಶದ ದೃಷ್ಟಿಯಿಂದ ಎನೊಕಿಗೆ ಒಪ್ಪುವ ಅಡುಗೆಯೆಂದರೆ ಸಾರು, ಸೂಪು, ಗೊಜ್ಜಿನಂಥ ರಸ ಕುಡಿಯುವ, ರಸ ನೆಕ್ಕುವ ಅಡುಗೆಗಳು.

ವಿಟಮಿನ್ ಡಿ ಕಥೆ ಸ್ವಲ್ಪ ಬೇರೆ. ಕತ್ತಲಲ್ಲಿ ಬೆಳೆದ ಎನೊಕಿಯಲ್ಲಿ ಅದು ಲೆಕ್ಕಕ್ಕಿಲ್ಲ, 100 ಗ್ರಾಂಗೆ 5 ಐ.ಯು. (ವಿಟಮಿನ್ ಅಳೆಯುವ ಮಾನ) ಅಷ್ಟೇ. ಅಣಬೆಯಲ್ಲಿ ಎರ್ಗೊಸ್ಟೆರಾಲ್ ಎಂಬ ಪದಾರ್ಥವಿದೆ. ಬಿಸಿಲಿನ ಅತಿನೇರಳೆ ಕಿರಣ ಬಿದ್ದರೆ ಅದು ವಿಟಮಿನ್ ಡಿ2 ಆಗಿ ಬದಲಾಗುತ್ತದೆ. ಅಡುಗೆಗೆ ಮೊದಲು ಎಳೆ ಬಿಡಿಸಿ ತಟ್ಟೆಯಲ್ಲಿ ತೆಳುವಾಗಿ ಹರಡಿ, ನಡುಹಗಲ ಬಿಸಿಲಿಗೆ ಒಂದು ಗಂಟೆ ಇಟ್ಟು, ಒಳಗೆ ತಂದು ತಕ್ಷಣ ಬೇಯಿಸಿದರೆ ಡಿ ಖಂಡಿತ ಹೆಚ್ಚುತ್ತದೆ. ಕಿಟಕಿ ಗಾಜಿನ ಹಿಂದೆ ಇಟ್ಟರೆ ಪ್ರಯೋಜನವಿಲ್ಲ, ಬೇಕಾದ ಕಿರಣವನ್ನು ಗಾಜು ತಡೆಯುತ್ತದೆ. ಎಷ್ಟು ಹೆಚ್ಚಿತು ಎಂದು ಮನೆಯಲ್ಲಿ ಅಳೆಯಲಾಗದು. ಹಾಗಾಗಿ ಡಿ ಕೊರತೆ ಇದೆಯೆಂದು ರಕ್ತಪರೀಕ್ಷೆ ಹೇಳಿದ್ದರೆ ಇದನ್ನು ಚಿಕಿತ್ಸೆ ಎಂದುಕೊಳ್ಳಬೇಡಿ.

ಕ್ಯಾನ್ಸರ್ ತಡೆಯುತ್ತದೆ ಎಂಬ ಮಾತೂ ನಿಮ್ಮ ಕಿವಿಗೆ ಬಿದ್ದಿರಬಹುದು, ಬಿದ್ದಿರದಿದ್ದರೆ ಬೀಳುತ್ತದೆ. ನಗಾನೊದಲ್ಲಿ ಎನೊಕಿ ಬೆಳೆಗಾರರ ಕುಟುಂಬಗಳಲ್ಲಿ ಕ್ಯಾನ್ಸರ್ ಸಾವು ಕಡಿಮೆ ಕಂಡಿತು ಎಂಬ ಒಂದು ಸಮೀಕ್ಷೆಯಿಂದ ಅದಕ್ಕೆ ರೆಕ್ಕೆ ಬಂತು. ಹೊಲದಲ್ಲಿ ದುಡಿಯುವ, ತರಕಾರಿ ಹೆಚ್ಚು ತಿನ್ನುವ ಹಳ್ಳಿಗರ ಆರೋಗ್ಯದಲ್ಲಿ ಅಣಬೆಯ ಪಾಲೆಷ್ಟು ಎಂದು ಅಂಥ ಹೋಲಿಕೆಯಿಂದ ಬೇರ್ಪಡಿಸಲಾಗದು. ಪ್ರಯೋಗಶಾಲೆಯಲ್ಲಿ ಇದರಿಂದ ತೆಗೆದ ಪ್ರೋಟೀನ್, ಬೀಟಾ ಗ್ಲುಕಾನ್ ಎಂಬ ನಾರಿನಂಶಗಳನ್ನು ಇಲಿಗಳಿಗೆ ಕೊಟ್ಟು ನೋಡಿದ್ದು ನಿಜ. ಬಟ್ಟಲು ಸಾರಿಗೂ ಅದಕ್ಕೂ ಬಹಳ ದೂರ. ಎನೊಕಿಯನ್ನು ಔಷಧಿಯೆಂದು ಕೊಳ್ಳುವುದು ದುಡ್ಡು ದಂಡ. ಅದರ ನಿಜವಾದ ಬೆಲೆ ಇರುವುದು ಕಡಿಮೆ ಕ್ಯಾಲರಿಯಲ್ಲಿ ಸಿಗುವ ಆ ಗರಿಗರಿ ಅಗಿತದಲ್ಲಿ, ನೀರಿಗೆ ಕೊಡುವ ಸವಿಯಲ್ಲಿ.

ಪಲ್ಯ ಯಾಕೆ ಕೆಟ್ಟಿತು

ಮೂರು ತಪ್ಪು ಒಟ್ಟಿಗೆ ಸೇರಿವೆ.

ಮೊದಲನೆಯದು ಉಪ್ಪು. ಶುರುವಿಗೇ ಉಪ್ಪು ಬಿದ್ದರೆ ಅಣಬೆ ಹೊಟ್ಟೆಯ ನೀರನ್ನೆಲ್ಲ ಹೊರಗೆ ಬಿಡುತ್ತದೆ. 100 ಗ್ರಾಂನಲ್ಲಿ 88 ಗ್ರಾಂ ನೀರೆಂದ ಮೇಲೆ ಬಾಣಲೆ ಕೆರೆಯಾಗದೆ ಇನ್ನೇನು? ಎರಡನೆಯದು ಮುಚ್ಚಳ. ಹೊರಬಂದ ನೀರು ಆವಿಯಾಗಿ ಹೋಗಲು ದಾರಿ ಸಿಗದೆ ಮತ್ತೆ ಅಲ್ಲೇ ಬಿತ್ತು.

ಮೂರನೆಯದು ಉದ್ದ. ಬೀನ್ಸ್, ಬದನೆ ಬೇಯಿಸಿದಷ್ಟೂ ಮೆತ್ತಗಾಗುತ್ತವೆ, ಏಕೆಂದರೆ ಅವುಗಳ ಜೀವಕೋಶಗಳನ್ನು ಹಿಡಿದಿಟ್ಟ ಪೆಕ್ಟಿನ್ ಕರಗುತ್ತದೆ. ಅಣಬೆಯ ಗೋಡೆ ಕಟ್ಟಿರುವುದು ಕೈಟಿನ್‌ನಿಂದ. ಸೀಗಡಿಯ ಚಿಪ್ಪಿನಲ್ಲಿರುವ ಪದಾರ್ಥವೇ ಅದು, ಕುದಿಯುವ ನೀರಿಗೆ ಕರಗುವುದಿಲ್ಲ. ‘ಇನ್ನೂ ಸ್ವಲ್ಪ ಬೇಯಲಿ, ಮೆತ್ತಗಾಗುತ್ತದೆ’ ಎಂದು ಕಾದರೆ ನೀರು ಕಳೆದುಕೊಂಡು ಇನ್ನಷ್ಟು ನಾರಾಗುತ್ತದೆ. ಹಲ್ಲಿಗೆ ಸಿಗದಂತೆ ಮಾಡಲು ಇರುವುದು ಚಾಕು ಒಂದೇ: 3 ಸೆಂ.ಮೀ. ಉದ್ದಕ್ಕೆ ಕತ್ತರಿಸಿ. ಅಗಿಯದೆ ನುಂಗಿದ ಎನೊಕಿ ಮರುದಿನ ಬೆಳಗ್ಗೆ ಇದ್ದಂತೆಯೇ ಹೊರಗೆ ಕಾಣಿಸಿಕೊಳ್ಳುವುದರಿಂದ ಚೀನಿಯರು ತಮಾಷೆಗೆ ಇದನ್ನು ‘ನಾಳೆ ಸಿಗೋಣ’ ಅಣಬೆ ಎನ್ನುತ್ತಾರೆ. ಗಾಬರಿ ಬೇಡ, ರೋಗವಲ್ಲ. ಚಿಕ್ಕ ಮಕ್ಕಳಿಗೆ, ಹಲ್ಲಿಲ್ಲದವರಿಗೆ ಮಾತ್ರ ಇನ್ನೂ ಸಣ್ಣಗೆ, 1 ಸೆಂ.ಮೀ.ಗೆ ಕೊಚ್ಚಿ, ಉದ್ದ ಎಳೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಪಲ್ಯವನ್ನೇ ಮಾಡುವುದಾದರೆ ಹೀಗೆ ಮಾಡಿ. ಅಗಲವಾದ ಕಬ್ಬಿಣದ ಬಾಣಲೆಯನ್ನು ಹೊಗೆಯಾಡುವ ಹಂತಕ್ಕೆ ಕಾಯಿಸಿ, 1 ಚಮಚ ಎಣ್ಣೆ ಹಾಕಿ, 100 ಗ್ರಾಂ ಕತ್ತರಿಸಿದ ಎನೊಕಿಯನ್ನು ಒಂದೇ ಪದರವಾಗಿ ಹರಡಿ. ಒಂದೂವರೆ ನಿಮಿಷ ಸೌಟು ಹಾಕಬೇಡಿ. ಕಿವಿಗೊಡಿ: ಚಟಪಟ ಸದ್ದಿದ್ದರೆ ಸರಿಯಾಗಿದೆ, ಬುಸುಬುಸು ಸದ್ದಾದರೆ ನೀರು ನಿಂತಿದೆ, ಉರಿ ಸಾಲದು ಅಥವಾ ಅಣಬೆ ಹೆಚ್ಚಾಯಿತು. ತಿರುವಿ ಹಾಕಿ ಇನ್ನೂ 3 ನಿಮಿಷ, ಅಂಚು ಕಂದಾಗುವವರೆಗೆ ಬಾಡಿಸಿ ಹೊರಗೆ ತೆಗೆಯಿರಿ. 200 ಗ್ರಾಂ ಇದ್ದರೆ ಎರಡು ಸಲ ಮಾಡಿ, ಒಟ್ಟಿಗೆ ಬೇಡ. ಅದೇ ಬಾಣಲೆಯಲ್ಲಿ ಸಾಸಿವೆ, ಉದ್ದಿನಬೇಳೆ, ಕರಿಬೇವು, ಹಸಿಮೆಣಸಿನ ಒಗ್ಗರಣೆ ಮಾಡಿ, ಈರುಳ್ಳಿ ಹುರಿದು, ಬಾಡಿಸಿದ ಅಣಬೆ ಸೇರಿಸಿ, ಆಗ ಉಪ್ಪು, ಕಾಳುಮೆಣಸಿನ ಪುಡಿ ಹಾಕಿ ಒಂದು ನಿಮಿಷಕ್ಕೆ ಇಳಿಸಿ. ತೆಂಗಿನತುರಿ ಹಾಕುವುದಾದರೆ ಒಲೆ ಆರಿಸಿದ ಮೇಲೆ. 200 ಗ್ರಾಂ ಅಣಬೆ ಇಬ್ಬರಿಗೆ ಒಂದೊಂದು ಸೌಟು ಆಗುವಷ್ಟಕ್ಕೆ ಇಳಿಯುತ್ತದೆ. ನನ್ನನ್ನು ಕೇಳಿದರೆ ಈ ಅಣಬೆಗೆ ಪಲ್ಯ ಅತ್ಯುತ್ತಮ ಉಪಯೋಗವಲ್ಲ. ಬಟನ್ ಅಥವಾ ಚಿಪ್ಪಣಬೆ ಅದಕ್ಕೆ ಅಗ್ಗ, ರುಚಿಯೂ ಹೆಚ್ಚು.

ಎನೊಕಿ ಗೆಲ್ಲುವ ಅಡುಗೆಗಳು

ಮೊದಲು ಹಸನು ಮಾಡುವ ಬಗೆ. ಬುಡದಲ್ಲಿ ಹೊಟ್ಟು ಅಂಟಿದ 2ರಿಂದ 3 ಸೆಂ.ಮೀ. ಭಾಗವನ್ನು ಪೊಟ್ಟಣದ ಮೇಲಿಂದಲೇ ಕೊಯ್ದುಬಿಡಿ, ಚೂರು ಚೆಲ್ಲಾಡುವುದಿಲ್ಲ. ಬುಡದ ಬಿಳಿ ಹತ್ತಿಯಂಥ ನವಿರು ಅಣಬೆಯದೇ ಭಾಗ, ಬೂಷ್ಟಲ್ಲ. ಹಸಿರು, ಕಪ್ಪು ಕಂಡರೆ ಅದು ಬೂಷ್ಟು. ಎಳೆ ಬಿಡಿಸಿ ಹರಿಯುವ ನೀರಿನಲ್ಲಿ ಒಮ್ಮೆ ಜಾಲಾಡಿ ಬಟ್ಟೆಯ ಮೇಲೆ ಹರಡಿ. ನೆನೆಸಿಡಬೇಡಿ.

ಸಾರಿನಿಂದ ಶುರುಮಾಡೋಣ, ಇದರ ಜಾಗ ಅದೇ. ಅಣಬೆಯ ಸವಿ ಎರಡು ಪದಾರ್ಥಗಳ ಜೊತೆಯಾಟ: ಗ್ಲುಟಮೇಟ್ ಮತ್ತು ಗ್ವಾನಿಲೇಟ್. ಎರಡೂ ಒಟ್ಟಿಗಿದ್ದರೆ ನಾಲಿಗೆಗೆ ತಟ್ಟುವ ರುಚಿ ಬಿಡಿಬಿಡಿಯಾಗಿ ತಟ್ಟುವುದಕ್ಕಿಂತ ಹಲವು ಪಟ್ಟು ಹೆಚ್ಚು. ಗ್ವಾನಿಲೇಟ್ ಹುಟ್ಟುವುದು ಅಣಬೆ ಬಿಸಿಯಾಗುವಾಗ, ಮುಖ್ಯವಾಗಿ 60ರಿಂದ 70 ಡಿಗ್ರಿ ನಡುವೆ. ಕುದಿಯುವ ನೀರಿಗೆ ಎಸೆದರೆ ಆ ಹಂತವನ್ನು ಒಂದೇ ನೆಗೆತಕ್ಕೆ ದಾಟಿಬಿಡುತ್ತದೆ. ಆದ್ದರಿಂದ ತಣ್ಣೀರಿಗೇ ಅಣಬೆ ಹಾಕಿ, ಸಣ್ಣ ಉರಿಯಲ್ಲಿ ಹತ್ತು ನಿಮಿಷ ತೆಗೆದುಕೊಂಡು ಕುದಿಗೆ ತನ್ನಿ, ಆಮೇಲೆ 3 ನಿಮಿಷ ಕುದಿಸಿ. ಜಪಾನಿನ ಮಿಸೊ (ಹುದುಗಿಸಿದ ಸೋಯಾ ಮುದ್ದೆ) ಸೂಪಿಗೆ 600 ಮಿ.ಲೀ. ನೀರು, ಅಂಗೈಯಗಲ ಕೊಂಬು ಎಂಬ ಕಡಲಕಳೆ, 100 ಗ್ರಾಂ ಎನೊಕಿ. ಕುದಿ ಬರುವ ಮುಂಚೆ ಕೊಂಬು ತೆಗೆದು, 3 ನಿಮಿಷದ ಕುದಿ ಮುಗಿದು ಒಲೆ ಆರಿಸಿದ ಮೇಲೆ 2 ದೊಡ್ಡ ಚಮಚ ಮಿಸೊ ಕದಡಬೇಕು. ಮಿಸೊ ಹಾಕಿ ಕುದಿಸಿದರೆ ಪರಿಮಳ ಹಾರಿಹೋಗುತ್ತದೆ. ಇದೇ ತರ್ಕ ನಮ್ಮ ಟೊಮ್ಯಾಟೊ ಸಾರಿಗೂ ಸಲ್ಲುತ್ತದೆ: ಹಣ್ಣು ಟೊಮ್ಯಾಟೊದಲ್ಲಿ ಗ್ಲುಟಮೇಟ್ ಧಾರಾಳ, ಗ್ವಾನಿಲೇಟ್ ಅಣಬೆಯದು. ಬೇಳೆಕಟ್ಟು, ಟೊಮ್ಯಾಟೊ, ಅಣಬೆ ಮೂರನ್ನೂ ತಣ್ಣಗಿರುವಾಗಲೇ ಸೇರಿಸಿ ಒಲೆಗೇರಿಸಿ. ಹುಣಸೆ, ಸಾರಿನ ಪುಡಿ ಅರ್ಧಕ್ಕೆ ಇಳಿಸಿ. ಇಲ್ಲದಿದ್ದರೆ ಹುಳಿ ಖಾರದ ನಡುವೆ ಈ ಮೆಲುದನಿಯ ಅಣಬೆ ಇದ್ದೂ ಇಲ್ಲದಂತಾಗುತ್ತದೆ.

ಚೀನಾದ ಬೆಳ್ಳುಳ್ಳಿ ಎನೊಕಿ ಇನ್ನೊಂದು ಜಾಣ ಅಡುಗೆ, ನೀರು ಬಿಡುವ ದೋಷವನ್ನೇ ಅದು ಗುಣವಾಗಿಸುತ್ತದೆ. 50 ಗ್ರಾಂ ಹೆಸರುಬೇಳೆ ಪಿಷ್ಟದ ಪಾರದರ್ಶಕ ಶಾವಿಗೆಯನ್ನು ಬೆಚ್ಚಗಿನ ನೀರಿನಲ್ಲಿ 15 ನಿಮಿಷ ನೆನೆಸಿ ಬಸಿದು ತಟ್ಟೆಯಲ್ಲಿ ಹಾಸಿ. ಮೇಲೆ 200 ಗ್ರಾಂ ಎನೊಕಿ ಬಿಡಿಸಿ ಹರಡಿ. 10 ಎಸಳು ಬೆಳ್ಳುಳ್ಳಿ ಕೊಚ್ಚಿ, ಅರ್ಧವನ್ನು 2 ದೊಡ್ಡ ಚಮಚ ಎಣ್ಣೆಯಲ್ಲಿ ಹೊಂಬಣ್ಣಕ್ಕೆ ಹುರಿದು, ಉಳಿದರ್ಧವನ್ನು ಹಸಿಯಾಗಿ ಅದಕ್ಕೇ ಸೇರಿಸಿ. ಒಂದು ಸಿಹಿ ಕೊಟ್ಟರೆ ಇನ್ನೊಂದು ಘಾಟು ಕೊಡುತ್ತದೆ. ಒಂದೂವರೆ ದೊಡ್ಡ ಚಮಚ ಸೋಯಾ ಸಾಸ್, ಅರ್ಧ ಚಮಚ ಸಕ್ಕರೆ, ಕೊಚ್ಚಿದ ಮೆಣಸಿನಕಾಯಿ ಕಲಸಿ ಸುರಿದು, ಇಡ್ಲಿ ಪಾತ್ರೆಯಲ್ಲಿ ಹಬೆ ಬಂದ ಮೇಲೆ 10 ನಿಮಿಷ ಬೇಯಿಸಿ. ಅಣಬೆ ಬಿಟ್ಟ ರಸವನ್ನೆಲ್ಲ ಕೆಳಗಿನ ಶಾವಿಗೆ ಕುಡಿಯುತ್ತದೆ. ಅದರ ಬದಲು ರವೆಯ ಶಾವಿಗೆ ಹಾಕಿದರೆ ಅಂಟಿನ ಮುದ್ದೆಯಾಗುತ್ತದೆ.

ಜಪಾನಿನ ‘ನಮೆತಾಕೆ’ ಅನ್ನಕ್ಕೆ ನೆಂಚಿಕೊಳ್ಳುವ ಗೊಜ್ಜು. 200 ಗ್ರಾಂ ಎನೊಕಿ 3 ಸೆಂ.ಮೀ. ತುಂಡು, 3 ದೊಡ್ಡ ಚಮಚ ಸೋಯಾ ಸಾಸ್, 3 ದೊಡ್ಡ ಚಮಚ ಮಿರಿನ್. ಮಿರಿನ್ ಸಿಹಿಯಾದ ಅಕ್ಕಿಮದ್ಯ; ಬೇಡವೆಂದರೆ 2 ದೊಡ್ಡ ಚಮಚ ನೀರು, 1 ದೊಡ್ಡ ಚಮಚ ಸಕ್ಕರೆ. ನಡುಉರಿಯಲ್ಲಿ ಕುದಿ ಬಂದ ಮೇಲೆ ಉರಿ ತಗ್ಗಿಸಿ 7–8 ನಿಮಿಷ ಕೈಯಾಡಿಸುತ್ತಿರಿ. ಹಿಟ್ಟು ಹಾಕದೆಯೇ ರಸ ಲೋಳೆಯಾಗಿ ಗಟ್ಟಿಯಾಗುತ್ತದೆ, ಅದು ಅಣಬೆಯದೇ ಅಂಟು. ಕೊನೆಗೆ 1 ಚಿಕ್ಕ ಚಮಚ ವಿನೆಗರ್. ಶುರುವಿಗೆ ರಸ ಸಾಲದೆಂದು ನೀರು ಸುರಿಯುವುದೇ ಇಲ್ಲಿ ಆಗುವ ತಪ್ಪು. ಎರಡು ನಿಮಿಷ ತಾಳಿ, ಅಣಬೆ ತಾನೇ ಬಿಡುತ್ತದೆ. ತೊಳೆದು ಒಣಗಿಸಿದ ಬಾಟಲಿಯಲ್ಲಿ ಫ್ರಿಜ್‌ನಲ್ಲಿ ಒಂದು ವಾರ ಇರುತ್ತದೆ. ಬಿಸಿ ಅನ್ನಕ್ಕೆ ತುಪ್ಪದ ಜೊತೆ ಚೆನ್ನ. ಉಪ್ಪು ಹೆಚ್ಚು, ರಕ್ತದೊತ್ತಡದವರಿಗೆ ಒಂದು ಚಮಚ ಸಾಕು. ಸೊಸೆಗೆ ಕೊಡುವಾಗ ಮತ್ತೆ ಕುದಿ ಬರಿಸಿಯೇ ಕೊಡಿ.

ಬುಡವನ್ನು ಪೂರ್ತಿ ಎಸೆಯಬೇಡಿ. ಹೊಟ್ಟಿನ ಭಾಗ ಕೊಯ್ದ ಮೇಲೆ ಸಿಗುವ, ಕಡ್ಡಿಗಳು ಒಂದಕ್ಕೊಂದು ಬೆಸೆದ 2 ಸೆಂ.ಮೀ. ದಪ್ಪದ ಬಿಲ್ಲೆಯನ್ನು ಹಾಗೇ ಎತ್ತಿಡಿ. ಇದು ಕಟ್ಟಿನ ದಪ್ಪ ಭಾಗ, ಆತುರ ಬೇಡ: ಎಣ್ಣೆ ಸವರಿದ ಕಾವಲಿಯಲ್ಲಿ ನಡುಉರಿಗೆ ಒಂದು ಬದಿ 4 ನಿಮಿಷ, ತಿರುವಿ ಹಾಕಿ 2 ಚಮಚ ನೀರು ಚಿಮುಕಿಸಿ ಮುಚ್ಚಿ 3 ನಿಮಿಷ, ಮುಚ್ಚಳ ತೆಗೆದು ಬೆಣ್ಣೆ, ಕೆಲವು ಹನಿ ಸೋಯಾ ಸಾಸ್ ಹಾಕಿ ಕಂದಾಗಿಸಿ. ಪೊಟ್ಟಣದಲ್ಲಿ ಅತ್ಯಂತ ರುಚಿಯ ಭಾಗ ಇದೇ, ತಿಪ್ಪೆಗೆ ಹೋಗುವುದೂ ಇದೇ.

ಕೊರಿಯನ್ನರು ಮೊಟ್ಟೆಯಲ್ಲಿ ಅದ್ದಿ ದೋಸೆಯಂತೆ ಸುಡುತ್ತಾರೆ. ನಿಮಗೆ 4 ದೊಡ್ಡ ಚಮಚ ಕಡಲೆಹಿಟ್ಟು, 2 ದೊಡ್ಡ ಚಮಚ ಅಕ್ಕಿಹಿಟ್ಟು, ಸುಮಾರು 80 ಮಿ.ಲೀ. ನೀರು, ಉಪ್ಪು, ಓಂಕಾಳು ಸಾಕು. 150 ಗ್ರಾಂ ಎನೊಕಿ ಕಲಸಿ ಕಾವಲಿಯ ಮೇಲೆ ತೆಳುವಾಗಿ ಹರಡಿ ಎರಡೂ ಬದಿ ಮೂರು ಮೂರು ನಿಮಿಷ. ಬಜ್ಜಿಗೂ ಇದೇ ಹಿಟ್ಟು ನಡೆಯುತ್ತದೆ. ಹೆಬ್ಬೆರಳಿಗಿಂತ ದಪ್ಪನೆಯ ಕಟ್ಟು ಮಾಡಬೇಡಿ, ಅಣಬೆಯಲ್ಲಿ ತೊಳೆದ ನೀರು ಉಳಿದಿದ್ದರೆ ಎಣ್ಣೆ ಸಿಡಿಯುತ್ತದೆ. ಹಿಟ್ಟು ಕಲಸಿ ಹಾಗೇ ಇಟ್ಟುಬಿಡಬೇಡಿ, ಹತ್ತೇ ನಿಮಿಷಕ್ಕೆ ಉಪ್ಪು ಅಣಬೆಯ ನೀರು ಎಳೆದು ಹಿಟ್ಟು ತೆಳುವಾಗುತ್ತದೆ.

ಯಾರು ಮಿತಿಯಲ್ಲಿ ತಿನ್ನಬೇಕು

ಮೂತ್ರಪಿಂಡದ ತೊಂದರೆಯಿಂದ ಪೊಟ್ಯಾಸಿಯಂ ಕಡಿಮೆ ಮಾಡಿ ಎಂದು ವೈದ್ಯರು ಹೇಳಿದ್ದರೆ, ಕತ್ತರಿಸಿ ಹೆಚ್ಚು ನೀರಿನಲ್ಲಿ ಕುದಿಸಿ ನೀರು ಚೆಲ್ಲಿ. ಆಗ ಬಿ ವಿಟಮಿನ್‌ಗಳೂ ಹೋಗುತ್ತವೆ, ಅದಕ್ಕೆ ಉಪಾಯವಿಲ್ಲ. ಯೂರಿಕ್ ಆಮ್ಲದವರಿಗೆ ಹೆದರಿಕೆ ಬೇಕಿಲ್ಲ: ಪ್ಯೂರಿನ್ 100 ಗ್ರಾಂಗೆ ಸುಮಾರು 50 ಮಿ.ಗ್ರಾಂ, ಒಣಗಿದ ಶಿಟಾಕೆ ಅಣಬೆಗೆ ಹೋಲಿಸಿದರೆ ಏನೂ ಅಲ್ಲ. ಅಣಬೆಯಲ್ಲಿ ಟ್ರೆಹಲೋಸ್ ಎಂಬ ಸಕ್ಕರೆಯಿದೆ, ಕೆಲವರ ಕರುಳಿಗೆ ಅದನ್ನು ಒಡೆಯುವ ಕಿಣ್ವ ಸಾಲದು. ಹೊಟ್ಟೆಯುಬ್ಬರ, ಭೇದಿ ಕಾಣಬಹುದು. ಮೊದಲ ಸಲ ತಿನ್ನುವವರು 50 ಗ್ರಾಂನಲ್ಲಿ ನಿಲ್ಲಿಸಿ.

ಫ್ರಿಜ್‌ನಲ್ಲಿರುವ ಉಳಿದರ್ಧ

ತೆರೆದ ಪೊಟ್ಟಣ 4 ಡಿಗ್ರಿಗಿಂತ ಕೆಳಗೆ 3–4 ದಿನ ತಾಳುತ್ತದೆ. ಫ್ರಿಜ್‌ನ ಬಾಗಿಲಲ್ಲಿಟ್ಟಿದ್ದರೆ ಅಷ್ಟೂ ಇಲ್ಲ, ಅಲ್ಲಿ ತಂಪು ಸಾಲದು. ಮುಟ್ಟಿ ನೋಡಿ: ಕಡ್ಡಿ ಮುರಿದರೆ ಪಟ್ಟನೆ ಮುರಿಯಬೇಕು. ಬುಡ ಕಂದಾಗಿ ಲೋಳೆ ಬಂದಿದ್ದರೆ, ಕಡ್ಡಿ ಹಳದಿ ತಿರುಗಿ ಗಾಜಿನಂತೆ ಆಗಿದ್ದರೆ, ಹುಳಿವಾಸನೆ ಬಂದರೆ ಎಸೆಯಿರಿ. ಕೆಟ್ಟ ಭಾಗ ಮಾತ್ರ ಕೊಯ್ದು ಉಳಿದದ್ದು ಬಳಸುವ ಉಳಿತಾಯ ಇಲ್ಲಿ ಬೇಡ. ಅಂಗಡಿಯಲ್ಲಿ ಕೊಳ್ಳುವಾಗಲೂ ಇದೇ ಪರೀಕ್ಷೆ, ಜೊತೆಗೆ ಪೊಟ್ಟಣ ಉಬ್ಬಿರಬಾರದು, ಒಳಗೆ ನೀರು ನಿಂತಿರಬಾರದು. ಲಿಸ್ಟೀರಿಯಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ ಎಂಬುದು ನೆನಪಿರಲಿ. ಚೆನ್ನಾಗಿ ಕಾಣುವ ಅಣಬೆಯೂ ಬೇಯಲೇಬೇಕು.

ಚೆನ್ನಾಗಿದ್ದು ಇವತ್ತು ಅಡುಗೆಗೆ ಬೇಡವೆಂದರೆ, 3 ಸೆಂ.ಮೀ. ತುಂಡು ಮಾಡಿ ಚೀಲದಲ್ಲಿ ತೆಳುವಾಗಿ ಹರಡಿ ಫ್ರೀಜರ್‌ಗೆ ಹಾಕಿ, ಒಂದು ತಿಂಗಳು ಇರುತ್ತದೆ. ಹಿಮದ ಹರಳು ಜೀವಕೋಶ ಒಡೆಯುವುದರಿಂದ ಸಾರಿಗೆ ಸವಿ ಇನ್ನೂ ಬೇಗ ಇಳಿಯುತ್ತದೆ; ಗರಿಗರಿ ಮಾತ್ರ ಹೋಗುತ್ತದೆ, ಪಲ್ಯಕ್ಕೆ ಬಾರದು. ಕರಗಿಸದೆ ನೇರ ಪಾತ್ರೆಗೆ ಹಾಕಿ, ಕರಗಿದ ನೀರಿನಲ್ಲೇ ರುಚಿ ಇರುವುದು. ನಗಾನೊದ ನಕಾನೊ ಪಟ್ಟಣದವರು ಇದನ್ನೇ ಇನ್ನೊಂದು ಹೆಜ್ಜೆ ಮುಂದೆ ಒಯ್ದು ‘ಎನೊಕಿ ಹಿಮ’ ಮಾಡಿದರು: 300 ಗ್ರಾಂ ಎನೊಕಿ, 400 ಮಿ.ಲೀ. ನೀರು ಮಿಕ್ಸಿಯಲ್ಲಿ ಅರೆ ನಿಮಿಷ ರುಬ್ಬಿ, ತಳ ಹಿಡಿಯದಂತೆ ಸಣ್ಣ ಉರಿಯಲ್ಲಿ ಒಂದು ಗಂಟೆ ಕುದಿಸಿ, ಐಸ್ ಅಚ್ಚಿಗೆ ಸುರಿದು ಗಡ್ಡೆ ಕಟ್ಟಿಸುವುದು. ತೂಕ ಇಳಿಸುತ್ತದೆ ಎಂದು ಜಪಾನಿನಲ್ಲಿ ಅದಕ್ಕೆ ಭಾರೀ ಪ್ರಚಾರ ಸಿಕ್ಕಿತು. ಆ ಮಾತು ಪಕ್ಕಕ್ಕಿಡಿ. ಹಲ್ಲಿಗೆ ಸಿಗುವ ತಕರಾರೇ ಇಲ್ಲದ, ಕುದಿಯುವ ಸಾಂಬಾರಿಗೋ ಕುರ್ಮಾಕ್ಕೋ ಎರಡು ಗಡ್ಡೆ ಹಾಕಿದರೆ ರುಚಿಗೆ ಮೈ ತುಂಬುವ ಪದಾರ್ಥ ಅದು. ನಿಮ್ಮಲ್ಲಿ ಉಳಿದಿರುವ 100 ಗ್ರಾಂಗೆ 130 ಮಿ.ಲೀ. ನೀರು ಲೆಕ್ಕ, ಪ್ರಮಾಣ ಕಡಿಮೆಯಾದ್ದರಿಂದ ಬೇಗ ಬತ್ತುತ್ತದೆ, ಆಗಾಗ ಎರಡು ಚಮಚ ಬಿಸಿನೀರು ಸೇರಿಸುತ್ತಿರಿ.